ಮುರುಗೇಶನ ಮೂರನೆಯ ದಿನ

ನಮ್ಮ ಮುರುಗೇಶನು ತನ್ನ ಮೊದಲ ವೃತ್ತಿಪರ ಗಾಲ್ಫ್ ಪಂದ್ಯಾವಳಿಯಲ್ಲಿ ಮೂರನೆಯ ದಿನವೂ ಆಡಿದನು. ಹತ್ತು ವರ್ಷಗಳ ಹಿಂದಿನ, ೧೯೯೯ರ ಮಾತು. ‘ಗೆದ್ದನೇ?’ ಎಂದು ಕೇಳುವವರಿಗೆ ಮೊದಲು ಕುಳಿತುಕೊಳ್ಳಲು ಹೇಳುತ್ತೇನೆ. ಆ ಪಂದ್ಯ ನಾಲ್ಕು ದಿನದ್ದು. ಎರಡು ದಿನ ಮುಗಿದೊಡನೆ, ಹೆಚ್ಚು ಹೊಡೆತಗಳನ್ನು ತೆಗೆದುಕೊಂಡವರನ್ನೆಲ್ಲ ಮನೆಗೆ ಕಳಿಸಿಬಿಡುತ್ತಾರೆ. ಮೂರನೆಯ ದಿನದ ಬೆಳಗನ್ನು ಆ ಮೈದಾನದಲ್ಲಿ ಕಾಣುವವರು ಅರ್ಧಕ್ಕಿಂತಲೂ ಕಡಿಮೆ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನವನೊಬ್ಬನು ಆ ಬೆಳಗನ್ನು ಕಂಡನು; ಅವನ ಕೋಲುಗಳ ಚೀಲವನ್ನು ಹೊತ್ತವನು ನಾನು.

ಮುರುಗೇಶ ನನ್ನ ತಮ್ಮನ ಮಗ. ಹೊಳಲ್ಕೆರೆ ಕಡೆಯ ಗಣಿಯೊಂದರ ಸಾಹೇಬರು ಆಡುವಾಗ ಚೆಂಡು ಹೆಕ್ಕಿಕೊಡುತ್ತ ಅವನು ಈ ಆಟವನ್ನು ಕಲಿತನು. ಗಣಿ ಮುಚ್ಚಿದಾಗ ಕೊನೆಯ ಸಾಹೇಬ ತನ್ನ ಕೋಲುಗಳನ್ನು ಇವನಿಗೇ ಬಿಟ್ಟುಹೋದ. ದೂರದ ಹೊಡೆತಕ್ಕೆ ಒಣಗಿದ ಕೆರೆಯಂಗಳವಿತ್ತು. ಆದರೆ ಚೆಂಡನ್ನು ಮೆಲ್ಲನೆ ಉರುಳಿಸಿ ಕುಳಿಗೆ ಬೀಳಿಸುವುದಕ್ಕೆ ನುಣುಪಾದ ನೆಲ ಬೇಕು. ಅಂಥ ನೆಲವೆಂದರೆ ನಮ್ಮ ಕಣವೊಂದೇ. ರಾಗಿ ತುಳಿಸುವಾಗ ಎತ್ತುಗಳು ಸುತ್ತುವ ನಡುಗಂಬವಾದ ಮೇಟಿಯನ್ನು ಕಿತ್ತಿಟ್ಟು, ಅದರ ಕುಳಿಗೇ ಅವನು ಸಂಜೆಯೆಲ್ಲ ಚೆಂಡು ಉರುಳಿಸುತ್ತಿದ್ದನು. ಮೆಟ್ಟು ಹಾಕಿಕೊಂಡು ಕಣಕ್ಕೆ ಇಳಿಯುವುದು ನಮ್ಮಲ್ಲಿಲ್ಲ. ಅಲ್ಲಿ ಲಕ್ಷ್ಮಿ ಇರುತ್ತಾಳೆ. ಹೀಗಾಗಿ ಬರಿಗಾಲಲ್ಲೇ ಆಡಿದ ಅವನು ನೆಲದ ಓರೆಯನ್ನು ಕಣ್ಣಿಗಿಂತ ಮೊದಲು ಅಂಗಾಲಿನಿಂದ ಅರಿತನು.

ವೃತ್ತಿಪರನೆಂಬ ಅರ್ಹತೆ ಪಡೆದು ನಾವು ಮೈಸೂರಿನ ಪಂದ್ಯಕ್ಕೆ ಹೊರಟಾಗ, ಕೊಯ್ದ ರಾಗಿ ಬಣವೆಯಲ್ಲಿ ಕಾದಿತ್ತು. ಅವನ ತಾಯಿ ವೀರಮ್ಮ ಬಾಗಿಲಲ್ಲೇ ತೀರ್ಪು ಕೊಟ್ಟಳು.

“ಭಾವ, ಇವನ್ನ ಎರಡೇ ದಿನಕ್ಕೆ ಓಡ್ಸಿದ್ರೆ, ಬಂದ ದಿನಾನೇ ಮೇಟಿ ನೆಡ್ತೀನಿ. ಆಮ್ಯಾಲೆ ಆ ಕುಣಿ ಕಡಿಗೆ ಚೆಂಡು ಬಂದ್ರೆ ಕೇಳ್ರಿ!”

“ಮೂರನೇ ದಿನಾನೂ ಆಡಿದ್ರೆ?” ಎಂದ ಮುರುಗೇಶ.

“ಆಡಪ್ಪ, ಕಣ ನಿಂದೇ. ರಾಗಿನ ನನ್ನ ತಲೆ ಮ್ಯಾಲೆ ಬಡಿಸ್ಕಂತೀನಿ.”

ಮೈದಾನವನ್ನು ಕಂಡೊಡನೆ ನನ್ನ ಎದೆ ಅರಳಿತು. ಎತ್ತ ನೋಡಿದರೂ ಹಸಿರು! “ದೊಡ್ಡಪ್ಪ, ಇದ್ರಾಗೆ ಒಂದು ಕಲ್ಲೂ ಇಲ್ಲ ನೋಡ್ರಿ!” ಎಂದು ಮುರುಗೇಶ ಬೆರಗಾದ. ಅವನ ಮೊದಲ ಹೊಡೆತಕ್ಕೇ, ನಮ್ಮ ದುರ್ಗದ ಸೀಮೆಯ ಗಾಳಿಗೆ ತಲೆ ತಗ್ಗಿಸಿ ಹಾರಲು ಕಲಿತ ಚೆಂಡು, ನೆಲಕ್ಕೆ ಹತ್ತಿರವಾಗಿ ಬಾಣದಂತೆ ಹೋಯಿತು. ಎರಡು ಹೊಡೆತಗಳಲ್ಲಿ ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು ಸೇರಿತು. ಅದನ್ನು ಗ್ರೀನ್ ಎನ್ನುತ್ತಾರೆ. ಅಲ್ಲಿ ಮುರುಗೇಶ ಅಂಚಿನಲ್ಲೇ ಬೂಟು ಬಿಚ್ಚಿ ಒಳಗೆ ಕಾಲಿಟ್ಟನು.

ಜೊತೆಯಲ್ಲಿ ಆಡುತ್ತಿದ್ದ ಮೈಸೂರಿನ ತರುಣ ನಕ್ಕ. “ಏನ್ರೀ, ಒಳಗಡೆ ದೇವರಿದಾರಾ?”

“ಇಲ್ಲ ಸಾರ್, ಕಣ.”

ನಗೆಗೆ ಅವನು ಬೆದರಲಿಲ್ಲ. ತೊಡಕಾದದ್ದು ಬೇರೆ. ಮುಂದಿನ ಆಟದ ಜಾಗ ಗ್ರೀನಿನ ಆಚೆ ಬದಿಗಿತ್ತು. ಬೂಟುಗಳು ಈಚೆ ಉಳಿದಿದ್ದವು. ಅರ್ಹತಾ ಸುತ್ತಿನಲ್ಲಿ ಚೀಲ ಹೊರುವ ಬಾಡಿಗೆಯ ಕ್ಯಾಡಿ ಅವನ್ನು ತಂದುಕೊಡುತ್ತಿದ್ದನಂತೆ. ಈಗ ನಾನು ಬಗ್ಗಿದೊಡನೆ ಮುರುಗೇಶ ಓಡಿಬಂದು ಕಸಿದುಕೊಂಡನು. ಪ್ರತಿ ಗ್ರೀನಿನಲ್ಲೂ ಇದೇ ಓಟ. ಕೊನೆಗೆ ಮೇಲ್ವಿಚಾರಕರು ಗದರಿದರು: “ಹಿಂದಿನವರು ಕಾಯುತ್ತಿದ್ದಾರೆ. ಇನ್ನೊಮ್ಮೆ ತಡವಾದರೆ ದಂಡ ಹಾಕಬೇಕಾಗುತ್ತದೆ.” ಅಲ್ಲಿಂದಾಚೆ ಆ ದಿನ ಅವನು ಬೂಟು ಬಿಚ್ಚಲೇ ಇಲ್ಲ. ಚೆಂಡುಗಳು ಕುಳಿಯ ಬಾಯನ್ನು ನೆಕ್ಕಿ ನೆಕ್ಕಿ ಹೊರಗುಳಿದವು. ಆ ದಿನದ ಲೆಕ್ಕ ಎಪ್ಪತ್ತೆಂಟು ಹೊಡೆತ. ಉಳಿಯಬೇಕಾದರೆ ಮರುದಿನ ಎಪ್ಪತ್ತು ಮೀರದಂತೆ ಮುಗಿಸಬೇಕು ಎಂದು ಬಲ್ಲವರು ಹೇಳಿದರು.

“ಬೂಟು ಹಾಕ್ಕಂಡ್ರೆ ನೆಲ ಮಾತಾಡಲ್ಲ ದೊಡ್ಡಪ್ಪ,” ಎಂದನು ಊಟದ ಹೊತ್ತಿನಲ್ಲಿ.

“ನಾನು ತಂದು ಕೊಡ್ತೀನಿ ಅಂದ್ರೆ ಕಸ್ಕಂತೀಯಲ್ಲೋ.”

“ನಿಮ್ಮ ಕೈಯಾಗೆ ನನ್ನ ಮೆಟ್ಟಾ? ಅವ್ವಂಗೆ ಗೊತ್ತಾದ್ರೆ ಮನಿಯೊಳಗೆ ಬಿಡ್ತಾಳಾ?”

ನಾನು ಮೇಷ್ಟ್ರಾಗಿದ್ದವನು. ಮೂವತ್ತು ವರ್ಷ ಪಾಠ ಹೇಳಿದವನಿಗೆ, ವಾದದಿಂದ ತಿದ್ದಲಾಗದ್ದು ಯಾವುದೆಂದು ತಿಳಿದಿರುತ್ತದೆ.

ಮರುದಿನ ಮೊದಲ ಗ್ರೀನಿನ ಅಂಚಿನಲ್ಲಿ ಚೀಲವನ್ನಿಳಿಸಿ ಅವನೆದುರು ಕುಕ್ಕರುಗಾಲಿನಲ್ಲಿ ಕುಳಿತು, ಅವನ ಬೂಟಿನ ದಾರಕ್ಕೇ ಕೈ ಹಾಕಿದೆನು. ಅವನು ಹಾವು ತುಳಿದವನಂತೆ ಹಿಂದಕ್ಕೆ ನೆಗೆದನು.

“ಲೇ, ಮತ್ತೋಡಿನಾಗೆ ನಾನು ದೊಡ್ಡಪ್ಪ. ಈ ಹುಲ್ಲಿನ ಮ್ಯಾಲೆ ನಿನ್ನ ಕ್ಯಾಡಿ. ನೀನು ಬಿಚ್ತೀಯೋ, ನಾನು ಬಿಚ್ಲೋ?”

ಅವನು ಬಿಚ್ಚಿದನು, ಥಟ್ಟನೆ ಬಗ್ಗಿ ನನ್ನ ಕಾಲು ಮುಟ್ಟಿದನು.

“ಪೂಜೆನೂ ಶುರುವಾಯ್ತಪ್ಪ!” ಎಂದ ಮೈಸೂರಿನವ.

“ನಮಸ್ಕಾರ ಆಮ್ಯಾಲೆ ಮಾಡೋ, ದಂಡ ಹಾಕ್ತಾರೆ!” ಎಂದೆನು.

ಆಮೇಲೆ ನಡೆದದ್ದನ್ನು ನೆನೆದರೆ ಇಂದಿಗೂ ರೋಮಾಂಚನವಾಗುತ್ತದೆ. ಹೆಗಲಲ್ಲಿ ಚೀಲ, ಕೈಯಲ್ಲಿ ಬೂಟು, ಎದೆಯಲ್ಲಿ ಡೊಳ್ಳು! ಗ್ರೀನಿನಿಂದ ಗ್ರೀನಿಗೆ ಅವನ ಅಂಗಾಲು ಹಾದಿ ಹೇಳಿತು. ಚೆಂಡು ಹೇಳಿದಂತೆ ಕೇಳಿತು. ನಗುತ್ತಿದ್ದ ತರುಣನೇ ಈಗ ಬೆಟ್ಟು ತುಟಿಗಿಟ್ಟು ಜನರನ್ನು ಸುಮ್ಮನಿರಿಸತೊಡಗಿದನು. ಕೊನೆಯ ಗ್ರೀನಿಗೆ ಬಂದಾಗ ಅರವತ್ತೊಂಬತ್ತು ಹೊಡೆತಗಳು ಮುಗಿದಿದ್ದವು. ಉಳಿದದ್ದು ಒಂದು. ಕುಳಿಯಾದರೋ ನಮ್ಮ ಕಣದ ಅಗಲಕ್ಕಿಂತ ದೂರದಲ್ಲಿತ್ತು.

ಮುರುಗೇಶ ಚೆಂಡಿನ ದಾರಿಯ ಪಕ್ಕದಲ್ಲೇ ಮೆಲ್ಲಗೆ ನಡೆದುಬಂದನು. “ದೊಡ್ಡಪ್ಪ, ಕಣ್ಣಿಗೆ ಬಲಕ್ಕೆ ಇಳಿದಂಗೆ ಕಾಣ್ತೈತೆ. ಕಾಲಿಗೆ ಎಡಕ್ಕೆ ಐತೆ.”

“ಯಾವುದನ್ನ ನಂಬ್ತೀಯ?”

“ಮೇಟಿ ಕುಣಿಗೆ ಕತ್ತಲಾದ ಮ್ಯಾಲೂ ಬೀಳ್ಸಿದೋನು ನಾನು.”

ತಟ್ಟಿದನು. ಚೆಂಡು ಹೊರಟಿತು, ಬಲಕ್ಕೆ ಬಲಕ್ಕೆ ಹೋಗಿ, ಹಟ್ಟಿ ನೆನಪಾದ ಹಸುವಿನಂತೆ ಎಡಕ್ಕೆ ಹೊರಳಿತು. ಕುಳಿಯ ಅಂಚಿನಲ್ಲಿ ಅರೆಗಳಿಗೆ ನಿಂತು, ಒಳಗಿಳಿಯಿತು.

ಎಲ್ಲರಿಗಿಂತ ಮೊದಲು ಕೂಗಿದವನು ಮೈಸೂರಿನ ತರುಣ. ನಾನು ಎರಡೂ ಕೈಗಳನ್ನು ಮುಗಿಲಿಗೆತ್ತಿ ಕುಣಿದೆನು. ಕೈಗಳಲ್ಲಿ ಬೂಟುಗಳಿದ್ದವೆಂಬುದು ಜನ ಚಪ್ಪಾಳೆ ತಟ್ಟಿ ನಕ್ಕಾಗಲೇ ತಿಳಿದದ್ದು.

ಸಂಜೆ ಟೆಲಿಫೋನ್ ಬೂತಿನಿಂದ ಊರಿನ ನಾಗಣ್ಣನ ಅಂಗಡಿಗೆ ಫೋನು ಮಾಡಿ ವೀರಮ್ಮನನ್ನು ಕರೆಸಿದೆವು.

“ಅವ್ವ, ನಾಳೆ ಬರಲ್ಲ,” ಎಂದ ಮುರುಗೇಶ.

ಅತ್ತ ಕಡೆ ವೀರಮ್ಮನ ದನಿ ಮೊಳಗಿತು, ಅಂಗಡಿಯೆಲ್ಲ ಕೇಳುವಂತೆ: “ನಾಗಣ್ಣ, ನಮ್ಮ ರಾಗಿಗೆ ಈ ಸಲ ನಿಮ್ಮ ಕಣ ಕೊಡ್ರಿ. ನಮ್ಮ ಕಣ ಖಾಲಿ ಇಲ್ಲ!”

ಇಷ್ಟು ಹೇಳಿ ನಿಲ್ಲಿಸಿದರೆ, ಮುರುಗೇಶನ ಮಗಳು ಬಿಂದು ಕಣದಂಚಿನಲ್ಲಿ ತನ್ನ ಪುಟ್ಟ ಚಪ್ಪಲಿಗಳನ್ನು ಬಿಟ್ಟು ಬಂದು ನನ್ನ ತೊಡೆಗೊರಗುತ್ತಾಳೆ.

“ಅಜ್ಜ, ನೀನು ಅಪ್ಪನ ಬೂಟಿಗೆ ಕೈ ಹಾಕಿದ್ಯಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳು.”