ಒಬ್ಬ ಗೈ, ಒಬ್ಬ ಡ್ಯೂಡ್

ಈ ಲೋಟವನ್ನು ಕವುಚಿಟ್ಟವರು ಯಾರು, ನಮ್ಮ ಮನೆಯಲ್ಲಿ ಲೋಟ ಕವುಚುವವಳು ಮಗಳು ಪ್ರೇಕ್ಷಾ ಒಬ್ಬಳೇ, ಅವಳು ಬೆಳಿಗ್ಗೆಯೇ ಸ್ಕೂಟಿ ಹತ್ತಿ ಕುಂದಾಪುರಕ್ಕೆ ಕೆಲಸಕ್ಕೆ ಹೋದಳು, ಅವಳ ಲೋಟ ಆಗಲೇ ಒಣಗಿದೆ, ಇದರ ಬುಡದಲ್ಲಿ ಇನ್ನೂ ನೀರು ಒಸರುತ್ತಿದೆ — ಓ, ಅವಳ ಕಾಲೇಜಿನ ಜೊತೆಗಾರ ಆ ರತೀಶ, ಇನ್ವರ್ಟರಿಗೆ ನೀರು ಹಾಕಲು ಬಂದವನು, ನಾನು ಹಿತ್ತಲಲ್ಲಿದ್ದಾಗ ಕುಡಿದು ತೊಳೆದು ಇಟ್ಟು ಹೋಗಿದ್ದಾನೆ, ಡ್ಯೂಡ್ ಅಂತೆ ಡ್ಯೂಡ್, ನನ್ನ ಕರ್ಮ, ನಾಳೆ ಮಿಥುನನ ಮನೆಯವರು ಮದುವೆಗೆ ದಿನ ಗೊತ್ತು ಮಾಡಲು ಬರುತ್ತಾರೆ, ಹತ್ತು ಜನರ ಅಡುಗೆಯಾಗಬೇಕು, ನನ್ನ ತಲೆಯೊಳಗೆ ಇಂಗ್ಲಿಷು. ಮೊನ್ನೆ ಕೇಳಿದೆ, ಹೆಣೆ, ಮಿಥುನ್ ನಿಂಗೆ ಹಿಡಿಸಿದ್ನಾ ಇಲ್ಯಾ, ಬಾಯಿ ಬಿಟ್ಟ್ ಹೇಳ್, ಮೊಬೈಲಿನಿಂದ ಕಣ್ಣು ತೆಗೆಯದೆ, ಒಳ್ಳೆ ಗೈ ಅಮ್ಮ, ಎಂದಳು, ಒಳ್ಳೆ ಅಂದದ್ದೇ ಸಾಕಾಯಿತು ನನಗೆ, ಸಂಬಂಧ ತಂದ ಬ್ರಹ್ಮಾವರದ ಗಿರಿಜತ್ತಿಗೆಗೆ ಆ ಗಳಿಗೆಯಲ್ಲೇ ಫೋನು ಮಾಡಿ ಹೆಣ್ಣು ಒಪ್ಪಿತು ಅಂದುಬಿಟ್ಟೆ. ಹೇಳಿ ಆಯ್ತಾ, ಎಂದಳು ಪ್ರೇಕ್ಷಾ, ಊಟ ಬೇಡ ಎಂದಳು, ಹೊಟ್ಟೆ ಸರಿಯಿಲ್ಲವೆಂದು ನಾನು ಓಮದ ನೀರು ಕುಡಿಸಿದೆ. ಕುಡಿಸುತ್ತಾ ಕೇಳಿದೆ, ಹಾಂಗಾರೆ ಆ ರತೀಶನೂ ಗೈಯಾ? ಅಯ್ಯೋ ಅಮ್ಮ, ಅವ ಡ್ಯೂಡ್. ಎರಡಕ್ಕೂ ಎಂತ ವ್ಯತ್ಯಾಸ ಮಾರಾಯ್ತಿ, ಎರಡೂ ಗಂಡಸೇ ಅಲ್ದಾ? ಗೈ ಅಂದ್ರೆ ಯಾರೋ ಒಬ್ಬ ಅಮ್ಮ, ಅವನ ಬಗ್ಗೆ ಹೇಳೂದ್, ಡ್ಯೂಡ್ ಅಂದ್ರೆ ಅವನನ್ನೇ ಕರೂದ್, ನೀನ್ ಅಪ್ಪಯ್ಯನ್ನ ಹ್ವಾಯ್ ಅಂಬುದಿಲ್ಯಾ, ಹಾಂಗೆ. ಸಾಕ್ ಸುಮ್ನಿರ್, ಅಪ್ಪಯ್ಯನ್ನ ಎಂತಕೆ ಮಧ್ಯ ತತ್ತೆ, ಎಂದು ಗದರಿದೆ.

ಮಿಥುನ್ ನೋಡಲು ಬಂದ ದಿನ ತಟ್ಟೆಯಲ್ಲಿ ಬೆಲ್ಲ, ಬಾಯಾರಿಕೆಗೆ ಹೊಳೆಯುವ ಲೋಟದಲ್ಲಿ ನೀರು, ಆಸ್ರಿಗೆ ತಕಣಿ ಎಂದು ಎಷ್ಟು ಮರ್ಯಾದೆಯಿಂದ ತಂದಿಟ್ಟಳು, ನನ್ನ ಎದೆ ಉಬ್ಬಿತು, ಅವನೂ ಪಾಪ ತುದಿಬೆರಳಲ್ಲಿ ಬೆಲ್ಲ ಮುರಿದು ಅರ್ಧ ನೀರು ಉಳಿಸಿ ಎದ್ದ. ಆ ರತೀಶ ಮೊದಲ ಸಲ ಬಂದಾಗಲೋ ಕೂತಲ್ಲಿಂದ ಏಳಲಿಲ್ಲ ಇವಳು, ನನ್ನ ಮಾನ ಹೋಯಿತು, ಬಂದವ್ರಿಗ್ ಬೆಲ್ಲ ನೀರ್ ಕೊಡುಕಾತಿಲ್ಯಾ ಎಂದರೆ, ಅವ ಎಂತ ನೆಂಟನಾ ಅಮ್ಮ, ಬೇಕಾರೆ ಅವನೇ ತಕಂತ, ಎಂದವಳು ಅವನತ್ತ ತಿರುಗಿ, ಡ್ಯೂಡ್, ಒಳಗ್ ಹೋಯ್ ಕುಡಿ, ಎಂದಳು! ಅವನೂ ಹೋದ, ಸೀದಾ ಅಡುಗೆಮನೆಗೆ, ಕೊಡಪಾನಕ್ಕೇ ಕೈ ಹಾಕಿದ, ಎರಡು ದಿನ ಅದನ್ನೇ ಹೇಳಿ ಹೇಳಿ ಬೈದೆ, ಬೆಲ್ಲ ಕೊಡದೆ ಕೂತವಳು, ಬೆಲ್ಲ ಕೊಡದೆ — ಅಲ್ಲ, ಬೆಲ್ಲ ಕೊಡುವುದು ಬಂದು ಹೋಗುವವರಿಗಲ್ಲವಾ, ಇಪ್ಪತ್ತೆಂಟು ವರ್ಷದಲ್ಲಿ ಇವರು ಹೊರಗಿಂದ ಬಂದಾಗ ಒಂದು ದಿನವಾದರೂ ನಾನು ತಟ್ಟೆಯಲ್ಲಿ ಬೆಲ್ಲ ಇಟ್ಟು ಕೊಟ್ಟದ್ದುಂಟಾ, ಹ್ವಾಯ್, ನೀರ್ ಅಲ್ಲೇ ಇತ್ತ್, ಅಷ್ಟೇ. ಅಯ್ಯೋ ದೇವರೇ, ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು, ಬಾಯಿ ಬಿಟ್ಟು ಹೇಳಬಾರದಿತ್ತಾ ಈ ಹುಡುಗಿ, ಹೇಳಿದಳಲ್ಲ, ಮಿಥುನ್ ಯಾರೋ ಒಬ್ಬ, ರತೀಶ ಹ್ವಾಯ್ ಎಂದು, ಹೇಳಿದವಳಿಗೆ ನಾನು ಓಮದ ನೀರು — ಫೋನು ಹೊಡೆದುಕೊಳ್ಳುತ್ತಿದೆ, ಗಿರಿಜತ್ತಿಗೆಯೇ, ನಾಳೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಹೇಳಲಿಕ್ಕೆ, ಎತ್ತಿದರೆ ಎಂತ ಹೇಳಲಿ, ಎತ್ತದಿದ್ದರೆ ನಾಳೆ ಬಂದೇ ಬರುತ್ತಾರೆ, ಎತ್ತಬೇಕು, ಕೈ ಒದ್ದೆ, ಪ್ರೇಕ್ಷಾಳ ಲೋಟಕ್ಕೆ ತಾಗಿಕೊಂಡು ರತೀಶನ ಲೋಟ, ಕವುಚಿದ್ದು