ಮನೆಯಲ್ಲಿ ಎಂತದ್ದೂ ಬದಲಾಗಲಿಲ್ಲ

ನಮ್ಮ ಕಡೆಯವರಲ್ಲಿ ಯಾರಿಗೆ ಏನೇ ಆದರೂ ಮದ್ದು ಆಮೇಲೆ, ಮೊದಲು ಕಾರಣ ಸಿಗಬೇಕು. ಕಾರಣ ಹುಡುಕುವುದರಲ್ಲಿ ನಾವು ಎತ್ತಿದ ಕೈ. ಹಾಗಾಗಿ ನನ್ನ ತಂಗಿ ಅಕ್ಷಿತಾಳ ಮಗಳು ಪ್ರಾಪ್ತಿ ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡು ಬಾಗಿಲಿಗೆ ತಲೆ ಬಡಿಯತೊಡಗಿದಾಗ, ಮಣ್ಣಗುಡ್ಡದ ಆ ಮನೆಯಲ್ಲಿ ಕಾರಣಗಳಿಗೆ ಬರವಿರಲಿಲ್ಲ.

ಪ್ರಾಪ್ತಿಗೆ ಐದು ವರ್ಷ. ಆಟಿಸಂ ಎಂದು ಮೂರನೇ ವರ್ಷದಲ್ಲೇ ಗೊತ್ತಾಗಿತ್ತು. ಮಾತಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ, ಆದರೆ ತನ್ನ ಪಾಡಿಗೆ ಗೆಲುವಾಗಿದ್ದ ಮಗು. ನಂತೂರಿನ ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಅವಳಪ್ಪ ಶೈಲೇಶ್ ಸಂಜೆ ಮನೆಗೆ ಬಂದು ಬಗ್ಗಿ ನಿಂತರೆ, ಅವನ ನುಣ್ಣನೆಯ ಕೆನ್ನೆಗೆ ಅಂಗೈ ಇಟ್ಟು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಉಜ್ಜಿ ಹೋಗಿಬಿಡುತ್ತಿದ್ದಳು. ಸೋಫಾವನ್ನೂ ಹಾಗೆಯೇ ಉಜ್ಜುತ್ತಾಳಲ್ಲ ಎಂದು ಯಾರೋ ನೆಂಟರು ನಗುತ್ತಾ ಹೇಳಿದ್ದರು. ಅವರು ಕಾಫಿ ಕುಡಿದು ಹೋದರು, ಆ ಮಾತು ಮಾತ್ರ ಶೈಲೇಶನ ಎದೆಯಲ್ಲಿ ಉಳಿಯಿತು.

ಅವನು ಈ ಸಲ ಅಯ್ಯಪ್ಪನ ಮಾಲೆ ಹಾಕಿದ್ದೂ ಅದಕ್ಕೇ. ಮಗಳು ಪೂರ್ತಿ ಗುಣವಾಗಲಿ ಎಂದು ಕೇಳುವಷ್ಟು ಆಸೆಬುರುಕನಲ್ಲ ಅವನು. ಮಾಲೆ ಹಾಕುವ ಹಿಂದಿನ ದಿನ ಬೋಳಾರದ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದು ನನ್ನೊಬ್ಬನ ಹತ್ತಿರ ಹೇಳಿದ್ದ.

“ನಾನು ಬೇರೆ, ಸೋಫಾ ಬೇರೆ ಅಂತ ಅವಳಿಗೆ ಗೊತ್ತಾದ್ರೆ ಸಾಕು ಭಾವ. ನಾನು ಅಪ್ಪ ಅಂತ ಒಂದು ಗುರುತು ಇದ್ರೆ ಸಾಕು. ಬೇರೆಂತ ಬೇಡ.”

ಶೈಲೇಶ್ ಯಾವುದನ್ನೂ ಅರ್ಧಂಬರ್ಧ ಮಾಡುವವನಲ್ಲ. ಕಪ್ಪು ಮುಂಡು, ಕಪ್ಪು ಅಂಗಿ, ಬರಿಗಾಲು, ತಣ್ಣೀರಿನ ಸ್ನಾನ, ಹಣೆ ತುಂಬ ವಿಭೂತಿ. ಪರಿಮಳದ ಸೋಪು ಬಿಟ್ಟ, ಮಂಚ ಬಿಟ್ಟು ಚಾಪೆಗೆ ಇಳಿದ, ಗಡ್ಡ ಬಿಟ್ಟ. ಮಾಲೆ ಹಾಕಿದವನನ್ನು ಹೆಸರು ಹಿಡಿದು ಕರೆಯುವಂತಿಲ್ಲವಾದ್ದರಿಂದ ಹೆಂಡತಿಗೂ ಹೆತ್ತ ತಾಯಿಗೂ ಅವನು ‘ಸ್ವಾಮಿ’ಯಾದ. ಅಲ್ಲಿಯವರೆಗೆ ‘ಬಂಗಾರ್’ ಎಂದು ಕರೆಯುತ್ತಿದ್ದ ಮಗಳನ್ನು ವ್ರತಧಾರಿಗಳ ಕ್ರಮದಂತೆ ‘ಮಾಳಿಗಪ್ಪುರಂ’ ಎಂದು ದೇವಿಯ ಹೆಸರಿನಿಂದ ಕರೆಯತೊಡಗಿದ. ಐದು ವರ್ಷದ ಮಗುವಿಗೆ ಅದು ಸ್ವಲ್ಪ ಉದ್ದವಾಯಿತು ಎಂದು ನನಗೆ ಅನಿಸಿತಾದರೂ ದೇವರ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಅದೇ ವಾರ ಪ್ರಾಪ್ತಿಯ ಕಚ್ಚುವುದು, ಬಡಿಯುವುದು ಶುರುವಾಯಿತು. ಹೆಚ್ಚಾಗಿ ಸಂಜೆಯೇ. ಇಷ್ಟು ಶುದ್ಧದಲ್ಲಿ ವ್ರತ ನಡೆಯುವ ಮನೆಯಲ್ಲೇ ಹೀಗಾಗುತ್ತಿದೆ ಎಂದರೆ ಕಾರಣ ಸಣ್ಣದಿರಲಾರದು ಎಂದು ಎಲ್ಲರಿಗೂ ಅನಿಸಿತು. ಶೈಲೇಶನ ತಾಯಿ ದೇಯಿಯಮ್ಮ, ಹೋದ ವರ್ಷ ಕುಟುಂಬದ ದೈವಕ್ಕೆ ತಂಬಿಲದ ಸೇವೆ ಕೊಡುವಾಗ ಏನೋ ಕೊರತೆಯಾಗಿದೆ ಎಂದರು. ಅಕ್ಷಿತಾ ಫೋನಿನಲ್ಲಿ ಓದಿ ಓದಿ ಮೈದಾ, ಹಾಲು ಎರಡನ್ನೂ ನಿಲ್ಲಿಸಿದಳು. ಬಿಸ್ಕಿಟ್ ಸಿಗದ ಪ್ರಾಪ್ತಿ ಬೆಳಿಗ್ಗೆಯೂ ಅಳತೊಡಗಿದಾಗ, ವಿಷ ಹೊರಗೆ ಹೋಗುವಾಗ ಹಾಗಾಗುತ್ತದಂತೆ ಎಂದು ಅದನ್ನೂ ಓದಿ ಹೇಳಿದಳು. ಪಕ್ಕದ ಮನೆಯ ಲೂರ್ಡ್ಸ್ ಬಾಯಿ ನರ್ಸ್ ಆಗಿ ರಿಟೈರ್ ಆದವರು. ಜಂತುಹುಳವೇ ಎಂದು ತೀರ್ಪು ಕೊಟ್ಟರು. ಇವರೆಲ್ಲರ ಅಜ್ಞಾನವನ್ನು ನೋಡಿ ನನಗೆ ಮರುಕವಾಗುತ್ತಿತ್ತು. ಶಾಲೆಯ ವ್ಯಾನು ನಂತೂರು ಸರ್ಕಲಿನಲ್ಲಿ ಬಸ್ಸು ಲಾರಿಗಳ ಹಾರ್ನಿನ ನಡುವೆ ಸಿಕ್ಕಿಬೀಳುವುದೇ ನಿಜವಾದ ಕಾರಣ ಎಂಬುದು ನನ್ನ ಸಂಶೋಧನೆ. ಅದು ಬೆಳಗಿನ ವ್ಯಾನು, ಮಗು ಅಳುವುದು ಸಂಜೆ ಎಂದು ಅಕ್ಷಿತಾ ಹೇಳಿದರೂ ನನ್ನ ಮೊಲಕ್ಕೆ ಮೂರೇ ಕಾಲು.

ಕಾರು ಇದ್ದದ್ದು ನನ್ನಲ್ಲಿ. ಹಾಗಾಗಿ ಹಲ್ಲಿನ ಡಾಕ್ಟರಲ್ಲಿಗೂ, ಕಿವಿಯ ಡಾಕ್ಟರಲ್ಲಿಗೂ, ಪ್ರಶ್ನೆ ಇಡುವ ಜೋಯಿಸರಲ್ಲಿಗೂ ನಾನೇ ಡ್ರೈವರ್. ಹಲ್ಲು ಸರಿ ಇತ್ತು, ಕಿವಿ ಸರಿ ಇತ್ತು, ಗ್ರಹಗಳು ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಇದ್ದವು. ಮಾಲೆ ಹಾಕಿಸಿದ ಗುರುಸ್ವಾಮಿ ಮೋಹನದಾಸರು ಇದು ಅಯ್ಯಪ್ಪನ ಪರೀಕ್ಷೆ, ವ್ರತವನ್ನು ಇನ್ನೂ ಬಿಗಿ ಮಾಡಿ ಎಂದರು. ಶೈಲೇಶ್ ಬಿಗಿ ಮಾಡಿದ. ಕೆಲಸ ಮುಗಿಸಿ ನೇರ ಭಜನೆಗೆ ಹೋಗಿ, ಮೈಯೆಲ್ಲ ಕರ್ಪೂರದ ವಾಸನೆಯಾಗಿ ಮನೆಗೆ ಬರುತ್ತಿದ್ದ. ಅವನು ಬಾಗಿಲಲ್ಲಿ ಬಗ್ಗಿ “ಮಾಳಿಗಪ್ಪುರಂ” ಎನ್ನುವುದೂ, ಅವಳು ಕಿರುಚಿಕೊಂಡು ಒಳಗೆ ಓಡುವುದೂ ದಿನಚರಿಯೇ ಆಗಿಹೋಯಿತು. ತನ್ನನ್ನು ಸೋಫಾಕ್ಕಿಂತ ಕಡೆ ಮಾಡಿದಳಲ್ಲ ಎಂದು ಅವನು ಒಂದು ದಿನ ಕಾರಿನಲ್ಲಿ ಕಣ್ಣು ಒರೆಸಿಕೊಂಡ. ನಾನು ನಂತೂರಿನ ಹಾರ್ನಿಗೆ ಬೈದೆ.

ಥೆರಪಿ ಸೆಂಟರಿಗೆ ಹೊಸದಾಗಿ ಬಂದಿದ್ದ ಫಾಯಿಝಾ ಮೇಡಂ ಮಾತ್ರ ಕಾರಣ ಹೇಳಲಿಲ್ಲ, ಕೇಳಿದರು. ಅಕ್ಷಿತಾಳನ್ನು ಬಿಟ್ಟರೆ ಮನೆಯವರನ್ನು ಅವರು ನೋಡಿದ್ದು ಅದೇ ಮೊದಲು. ನಾವೆಲ್ಲ ಸಾಲಾಗಿ ಕುಳಿತೆವು.

“ಮನೆಯಲ್ಲಿ ಈಚೆಗೆ ಎಂತಾದ್ರೂ ಬದಲಾಗಿದೆಯಾ? ಸಣ್ಣದಾದ್ರೂ ಹೇಳಿ. ಈ ಮಕ್ಕಳಿಗೆ ಅದೇ ದೊಡ್ಡದು.”

ನಾವು ಮನಸ್ಸಿಟ್ಟು ಯೋಚಿಸಿದೆವು. ಹಾಲ್‌ನ ಕರ್ಟನ್ ಬದಲಾಗಿದೆ ಎಂದಳು ಅಕ್ಷಿತಾ. ಮಿಕ್ಸಿ ಹೊಸತು, ಶಬ್ದ ಜಾಸ್ತಿ ಎಂದರು ದೇಯಿಯಮ್ಮ. ಎದುರು ಮನೆಗೆ ನಾಯಿ ಬಂದದ್ದನ್ನು ನಾನು ನೆನಪಿಸಿದೆ. ಕೊನೆಗೆ ಅವರು ಶೈಲೇಶನ ಕಡೆ ತಿರುಗಿದರು. ಮೈಯೆಲ್ಲ ಕಪ್ಪು ಬಟ್ಟೆ, ಎದೆಯ ಮೇಲೆ ಮಾಲೆ, ಅರ್ಧ ಮುಖ ಮುಚ್ಚಿದ ಗಡ್ಡ. ಕುರ್ಚಿ ಬೇಡವೆಂದು ನೆಲದ ಮೇಲೆ ಬರಿಗಾಲಲ್ಲಿ ಕುಳಿತಿದ್ದ ಸ್ವಾಮಿ ಬಹಳ ಹೊತ್ತು ಯೋಚಿಸಿ ಹೇಳಿದ:

“ಇಲ್ಲ ಅಮ್ಮ. ಮನೆಯಲ್ಲಿ ಎಂತದ್ದೂ ಬದಲಾಗ್ಲಿಲ್ಲ.”

ನಾವೆಲ್ಲ ತಲೆಯಾಡಿಸಿದೆವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳುವವನು. ಅಂದು ಅದು ನೆನಪಿಗೆ ಬರಲಿಲ್ಲ. ಮನೆಗೆ ಬಂದು ಹಳೆಯ ಕರ್ಟನ್ ಹಾಕಿದೆವು.

ವ್ರತ ಮುಗಿಯುತ್ತಾ ಬಂದ ಹಾಗೆ ಪ್ರಾಪ್ತಿ ತನ್ನಷ್ಟಕ್ಕೇ ಶಾಂತವಾದಳು. ಸಂಜೆ ಸ್ವಾಮಿ ಬಂದಾಗ ಮೊದಲು ದೂರ ನಿಂತಳು, ಆಮೇಲೆ ಹತ್ತಿರ ಬಂದಳು, ಕೊನೆಕೊನೆಗೆ ಗಡ್ಡದೊಳಗೆ ಬೆರಳು ತೂರಿಸಿ ಬಹಳ ಹೊತ್ತು ಆಡತೊಡಗಿದಳು. ದೇಯಿಯಮ್ಮ ದೈವಕ್ಕೆ ಕೈಮುಗಿದರು. ಮೈದಾ ಬಿಡಿಸಿದ್ದು ನಾನು ಎಂದಳು ಅಕ್ಷಿತಾ. ಹುಳದ ಮದ್ದು ನನ್ನದು ಎಂದರು ಲೂರ್ಡ್ಸ್ ಬಾಯಿ. ವ್ಯಾನಿನ ದಾರಿ ಬದಲಿಸಿದವನು ನಾನೇ ಆದ್ದರಿಂದ ನಾನೂ ಸುಮ್ಮನಿರಲಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಇಷ್ಟು ಜನ ವಾರಸುದಾರರನ್ನು ನಾನು ಕಂಡಿಲ್ಲ. ಶೈಲೇಶ್ ಯಾರ ಹತ್ತಿರವೂ ವಾದ ಮಾಡದೆ ಇರುಮುಡಿ ಹೊತ್ತು ಶಬರಿಮಲೆಗೆ ಹೋದ.

ಆದಿತ್ಯವಾರ ಬೆಳಿಗ್ಗೆ ಅವನು ವಾಪಸ್ಸು ಬಂದ. ಮಂದಿರದಲ್ಲಿ ಮಾಲೆ ತೆಗೆಸಿ, ಅಲ್ಲಿಂದ ನನ್ನ ಕಾರಿನಲ್ಲೇ ಸೆಲೂನಿಗೆ ಹೋಗಿ ನುಣ್ಣಗೆ ಶೇವ್ ಮಾಡಿಸಿಕೊಂಡ. ಇಸ್ತ್ರಿ ಹಾಕಿದ ಪ್ಯಾಂಟು ಶರ್ಟು ತೊಟ್ಟು, ಮದುವೆಯ ದಿನದ ಹಾಗೆ ಮಿಂಚುತ್ತಾ “ಬಂಗಾರ್” ಎಂದು ಕರೆದುಕೊಂಡೇ ಅಂಗಳ ದಾಟಿದ.

ಪ್ರಾಪ್ತಿ ಬಾಗಿಲಿಗೆ ಬಂದಳು. ಅವನು ಬಗ್ಗಿದ. ಅವಳ ಕೈ ಅವನ ಕೆನ್ನೆಯವರೆಗೆ ಹೋಯಿತು, ತಾಗಿತು, ಕಾದ ಕಾವಲಿಗೆ ತಾಗಿದಂತೆ ಹಿಂದೆ ಬಂತು. ಮರುಕ್ಷಣ ಮಣಿಕಟ್ಟು ಬಾಯಲ್ಲಿತ್ತು.

ಒಳಗೆ ಮತ್ತೆ ಕಾರಣಗಳ ಸಂತೆ ನೆರೆಯಿತು. ಇರುಮುಡಿ ಕಟ್ಟುವಾಗ ತಪ್ಪಾಯಿತೇ ಎಂದು ದೇಯಿಯಮ್ಮ ಕೇಳಿದರು. ನಿನ್ನೆ ಯಾರು ಬಿಸ್ಕಿಟ್ ಕೊಟ್ಟದ್ದು ಎಂದು ಅಕ್ಷಿತಾ ಅಳುತ್ತಲೇ ವಿಚಾರಣೆಗೆ ಇಳಿದಳು. ಅಷ್ಟರಲ್ಲಿ ಪ್ರಾಪ್ತಿ ಬಿಕ್ಕುತ್ತಾ ಶೈಲೇಶನ ಒಂದು ಬೆರಳು ಹಿಡಿದು ಹೊರಗೆ ಎಳೆದಳು. ಏನಾದರೂ ಬೇಕಾದರೆ ಅವಳು ಕೇಳುವುದು ಹಾಗೆಯೇ, ಹತ್ತಿರ ಯಾರಿದ್ದಾರೋ ಅವರ ಕೈಯಿಂದ. ಆ ಬೆರಳನ್ನು ಗೇಟಿನ ಚಿಲಕದ ಮೇಲೆ ಇಟ್ಟಳು. ಅವನು ಗೇಟು ತೆಗೆದ. ಅವನನ್ನು ಅಲ್ಲೇ ಬಿಟ್ಟು ಅವಳು ಹೊರಗೆ ನಿಂತು ರಸ್ತೆ ನೋಡಿದಳು.

ಮಾಲೆಯ ಕಾಲ. ಕಪ್ಪು ಬಟ್ಟೆಯ ಇನ್ನೊಬ್ಬ ಸ್ವಾಮಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಆ ಕಡೆಯಿಂದ ಬರುತ್ತಿದ್ದ. ಪ್ರಾಪ್ತಿ ಓಡಿದಳು. ನಾವು ಹಿಂದೆಯೇ ಓಡಿದೆವು. ಅವಳು ಅವನೆದುರು ನಿಂತು ಕೈ ಎತ್ತಿದಳು. ಪಾಪ, ಆ ಮನುಷ್ಯ ನಕ್ಕು ಬಗ್ಗಿದ. ಅವಳು ಅವನ ಗಡ್ಡ ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. ಕೈ ಕೆಳಗೆ ಬಿಟ್ಟು, ತಿರುಗಿ ಗೇಟಿನ ಹತ್ತಿರ ಬಂದು, ಮತ್ತೆ ರಸ್ತೆಯನ್ನೇ ನೋಡುತ್ತಾ ನಿಂತಳು.

ಶೈಲೇಶನ ಮುಖದ ಬಣ್ಣ ಹೋಯಿತು. “ಭಾವ, ಇವಳು ನನ್ನನ್ನು ಹುಡುಕ್ತಾ ಇದ್ದಾಳೆ” ಎಂದ. “ಮೊದಲೂ ನನ್ನನ್ನೇ ಹುಡುಕಿದ್ದು. ಆ ದಿವಸಗಳೆಲ್ಲ.”

ನಾನು ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂತು. ಅಪ್ಪ ಕಾಣೆಯಾದನೆಂದು ಮೈ ಕಚ್ಚಿಕೊಂಡು ಅತ್ತ ಮಗುವಿಗೆ ನಾವು ಹುಳದ ಮದ್ದು ಕುಡಿಸಿದ್ದೆವು. ಒಳಗಿನಿಂದ ದೇಯಿಯಮ್ಮ, ಜೋಯಿಸರಿಗೆ ಫೋನು ಮಾಡಬೇಕು, ನಂಬರು ಯಾರ ಹತ್ತಿರ ಉಂಟು ಎಂದು ಕೇಳುತ್ತಿದ್ದರು.

ಶೈಲೇಶ್ ಇಸ್ತ್ರಿ ಪ್ಯಾಂಟಿನಲ್ಲೇ ಗೇಟಿನ ಮೆಟ್ಟಿಲ ಮೇಲೆ ಮಗಳ ಪಕ್ಕದಲ್ಲಿ ಕುಳಿತ. ಅವಳು ಅವನ ಕಡೆ ನೋಡಲಿಲ್ಲ. ಅವನು ತನ್ನ ನುಣ್ಣನೆಯ ಗಲ್ಲವನ್ನು ಸವರಿಕೊಳ್ಳುತ್ತಾ ನನ್ನನ್ನು ಕೇಳಿದ:

“ಗಡ್ಡ ಬರ್ಲಿಕ್ಕೆ ಎಷ್ಟು ದಿವಸ ಬೇಕು ಭಾವ?”