ಹಲಸಿನ ಮರಕ್ಕೆ ಕಟ್ಟಿದ ಖಾಲಿ ಬಿದಿರು

ಖಾಲಿ ತೊಟ್ಟಿಲು ತೂಗಬಾರದು ಅಂತ ಗೊತ್ತಿಲ್ಲದವನೇನಲ್ಲ ನನ್ನ ಅಣ್ಣನ ಮಗ ಲಾಶೇ. ಆದರೂ ಅಂಥದ್ದೇ ಒಂದು ಕೆಲಸ ಮಾಡಿದ.

ನಮ್ಮ ಕರೆನ್ ಜನರ ಗುಡ್ಡದಲ್ಲಿ ಮಗುವಿನ ಹೊಕ್ಕುಳಬಳ್ಳಿ ಉದುರಿದ ದಿನ ಅಪ್ಪ ಅದನ್ನು ಬಿದಿರಿನ ಕೊಳವೆಯಲ್ಲಿಟ್ಟು ಒಂದು ಮರಕ್ಕೆ ಕಟ್ಟುತ್ತಾನೆ. ಅಲ್ಲಿಂದ ಮರಕ್ಕೂ ಮಗುವಿಗೂ ಒಂದೇ ಜೀವ. ಆ ಮರಕ್ಕೆ ಯಾರೂ ಕೊಡಲಿ ಹಾಕೋದಿಲ್ಲ. ನಮ್ಮ ಕಾಡು ಉಳಿದಿರೋದೇ ಹಾಗೆ. ಲಾಶೇ ನಡೆಸುವ ಪರಂಪರೆ ಕೇಂದ್ರಕ್ಕೆ ಊರೂರಿಂದ ಜನ ಇದನ್ನು ಕೇಳೋಕೆ ಬರ್ತಾರೆ, ಗುಡ್ಡದ ಅಕ್ಕಿಯ ಅನ್ನ ಉಣ್ತಾರೆ, ನನ್ನ ಹತ್ತಿರ ನೂಲಿಗೆ ಬಣ್ಣ ಹಾಕೋದು ಕಲೀತಾರೆ. ಅವರಿಗೆ ತೋರಿಸೋಕೆ ಅಂತ ಕೇಂದ್ರದ ಹಿಂದಿನ ಹಲಸಿನ ಮರಕ್ಕೆ ಒಂದು ಖಾಲಿ ಕೊಳವೆ ಕಟ್ಟಿದ, ಮಹಾರಾಯ.

“ಮರಕ್ಕೆ ಸುಮ್ಮನೆ ಆಸೆ ಹುಟ್ಟಿಸ್ತೀಯೇನೋ?” ಅಂದೆ.

“ಬರೀ ಬಿದಿರು ಅತ್ತೆ. ನೀವೊಬ್ರು, ಎಲ್ಲಕ್ಕೂ ಹೆದರ್ತೀರಿ.”

ಮಳೆಗಾಲ ಕಳೆದ ಮೇಲೆ ಅವನ ಹೆಂಡತಿ ಮೂಪಾ ಹೆಣ್ಣು ಹೆತ್ತಳು. ಕೂಸು ಅಳಲಿಲ್ಲ. ಮೊಲೆ ಕೊಟ್ಟರೆ ಬಾಯಿ ತೆರೆಯಲಿಲ್ಲ. ಪೇಟೆಯ ನರ್ಸಮ್ಮ ಬಂದು ನೋಡಿ ಎಲ್ಲ ಸರಿಯಿದೆ ಅಂದಳು.

ಮರುದಿನ ಬೆಳಿಗ್ಗೆ ನೂಲು ಒಣಹಾಕ್ತಿದ್ದೆ. ಹಲಸಿನ ಮರದಲ್ಲಿ ಕೂಸು ಅತ್ತಿತು. ಹಸಿದ ಕೂಸಿನ ಅಳು, ಆ ಕೊಳವೆಯೊಳಗಿಂದ. ನೂಲು ಅಲ್ಲೇ ಬಿಟ್ಟು ಮರದ ಹತ್ತಿರ ಓಡಿದೆ.

ಲಾಶೇನೂ ಕೇಳಿಸಿಕೊಂಡ. ಓಡಿಬಂದು ಕೊಳವೆಯ ಹಗ್ಗಕ್ಕೆ ಕತ್ತಿ ಇಟ್ಟ. ಅಳು ಬಿಕ್ಕಳಿಕೆಯಾಯ್ತು. ಅದೇ ಹೊತ್ತಿಗೆ ಕೇಂದ್ರದ ಪಕ್ಕದ ಅವರ ಮನೆಯಿಂದ ಮೂಪಾ ಚೀರಿದಳು: “ಅತ್ತೇ, ಕೂಸು ನೀಲಿ ಆಗ್ತಿದೆ!”

ನಾನು ಅವನ ಕೈ ಹಿಡಿದೆ. “ಕತ್ತಿ ತೆಗಿ, ಮುಠ್ಠಾಳ! ಮಗು ಕೊಡ್ತೀನಿ ಅಂತ ಕಟ್ಟಿದವನು ನೀನು. ಹೊಕ್ಕುಳಬಳ್ಳಿ ಉದುರಿ ಇದರೊಳಗೆ ಬೀಳೋ ತನಕ ನೀನೇ ಸಮಾಧಾನ ಮಾಡು.”

ಅವನು ಮರ ತಬ್ಬಿ ಜೋಗುಳ ಹಾಡಿದ. ಅಳು ತಗ್ಗಿತು. ಕೂಸು ಹಾಲು ಚೀಪ್ತಿದೆ ಅಂತ ಒಳಗಿಂದ ಮೂಪಾ ಕೂಗಿದಳು, ನಾನು ಅತ್ತೇಬಿಟ್ಟೆ. ಅವನು ನೀರು ಕುಡಿಯೋಕೆ ನಿಲ್ಲಿಸಿದ, ಅಲ್ಲಿ ಕೂಸಿನ ಉಸಿರೂ ನಿಂತಿತು. ನಾನು ಹಾಡಿ ನೋಡಿದೆ. ಮರಕ್ಕೆ ನನ್ನ ದನಿ ಬೇಡ. ಮತ್ತೆ ಅವನೇ ಹಾಡಬೇಕಾಯ್ತು.

ಆಗಲೇ ವ್ಯಾನು ಬಂತು. ಕೇಂದ್ರ ನೋಡೋಕೆ ಬಂದವರು ಮರದ ಸುತ್ತ ಕೂತರು, ಫೋಟೊ ತೆಗೆದರು, ಚಪ್ಪಾಳೆ ತಟ್ಟಿದರು. ಲಾಶೇಯ ಗಂಟಲು ಕಟ್ಟಿ ಅರ್ಧ ದನಿ ಮಾತ್ರ ಬರ್ತಿತ್ತು. ಅವನು ನನ್ನನ್ನೇ ನೋಡ್ತಿದ್ದ.

“ಎಷ್ಟು ಮನಸ್ಸಿಟ್ಟು ಹಾಡ್ತಾರೆ! ಇದು ಯಾವಾಗ ಮುಗಿಯತ್ತೆ ಅಜ್ಜಿ?” ಅಂತ ಒಬ್ಬಳು ನಗುತ್ತ ಕೇಳಿದಳು.

“ಕೂಸಿನ ಹೊಕ್ಕುಳಬಳ್ಳಿ ಉದುರೋ ತನಕ ಮುಗೀಬಾರದು ಅಂತ ಬೇಡ್ಕೋ, ತಾಯಿ” ಅಂದೆ.